ಡಾಕ್ಟರಮ್ಮ ಬೈಯುವುದನ್ನು ಬಿಟ್ಟ ವರ್ಷ

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿದ್ದ ಆ ಕ್ಲಿನಿಕ್ಕಿನಿಂದ ಬೈಸಿಕೊಳ್ಳದೆ ಹೊರಗೆ ಬಂದವರನ್ನು ಕಂಡರೆ ನಮ್ಮೂರಿನವರಿಗೆ ಕನಿಕರವಾಗುತ್ತಿತ್ತು. ಡಾಕ್ಟರಮ್ಮ ಯಾರನ್ನಾದರೂ ಮೆತ್ತಗೆ ಮಾತಾಡಿಸಿ ಕಳಿಸಿದರು ಅಂದರೆ ಆ ಮನುಷ್ಯನ ಕಾಯಿಲೆ ದೊಡ್ಡದು ಅಂತಲೇ ಅರ್ಥ. ಅವನ ಮನೆಯವರು ಅಲ್ಲೇ ಬೆಂಚಿನ ಮೇಲೆ ಕೂತು ಕಣ್ಣೊರೆಸಿಕೊಳ್ಳಲು ಶುರು ಮಾಡುತ್ತಿದ್ದರು. ಅದೇ ಒಳಗಿನಿಂದ "ನಿನ್ನ ತಲೆಯೊಳಗೆ ಏನು ತುಂಬ್ಕೊಂಡಿದೀಯೋ?" ಅಂತ ಕೂಗು ಕೇಳಿಸಿತೋ, ಹೊರಗಿದ್ದವರೆಲ್ಲ ನಿರಾಳ. "ಸದ್ಯ, ಏನೂ ಇಲ್ಲ ಕಣ್ರೀ, ಬೈತಾವ್ರೆ."

ಹೋದ ತಿಂಗಳು ಡಾಕ್ಟರಮ್ಮ ಕಡೂರಿನಲ್ಲಿ ತಮ್ಮನ ಮನೆಯಲ್ಲಿ ತೀರಿಕೊಂಡರು. ಅವರ ಹೆಸರು ಹೇಳಿದರೆ ನಮ್ಮೂರಲ್ಲಿ ಅರ್ಧ ಜನಕ್ಕೆ ಗುರುತು ಸಿಗುವುದಿಲ್ಲ, ಆದ್ದರಿಂದ ನಾನೂ ಡಾಕ್ಟರಮ್ಮ ಅಂತಲೇ ಬರೆಯುತ್ತೇನೆ. ಕುಳ್ಳಗೆ, ಕಡ್ಡಿಯ ಹಾಗೆ ಇದ್ದರು. ನೂಲಿನ ಸೀರೆ, ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ಕೈಯಲ್ಲಿ ಗಂಡಸರ ದೊಡ್ಡ ವಾಚು. ಆ ಪುಟ್ಟ ದೇಹದೊಳಗೆ ಅಷ್ಟು ದೊಡ್ಡ ಗಂಟಲು ಎಲ್ಲಿ ಇಟ್ಟುಕೊಂಡಿದ್ದರೋ ದೇವರಿಗೇ ಗೊತ್ತು.

ಈರುಳ್ಳಿ ಮಂಡಿಯ ಬಸಣ್ಣನಿಗೆ ಸಕ್ಕರೆ ಕಾಯಿಲೆ. ಅವನು ಮದುವೆಗಳಿಗೆ ಹೋಗಿ ಬಂದ ಮಾರನೇ ದಿನ ಕ್ಲಿನಿಕ್ಕಿನ ಮುಂದೆ ಸುಮ್ಮನೆ ನಿಂತುಕೊಂಡು ಕೇಳುವವರೂ ಇದ್ದರು.

"ಜಾಮೂನು ತಿಂದ್ಯಾ?"

"ಒಂದೇ ಒಂದು, ತಾಯಿ. ಬಲವಂತ ಮಾಡಿ ಬಾಯಿಗೆ ಹಾಕ್ಬಿಟ್ರು."

"ಮದುವೆಗೆ ಹೋಗಿದ್ಯೋ, ಪೊಲೀಸ್ ಸ್ಟೇಷನ್ನಿಗೆ ಹೋಗಿದ್ಯೋ? ಕೈಕಾಲು ಕಟ್ಟಿ ತಿನ್ನಿಸಿದ್ರಾ?"

ಬಸಣ್ಣ ಹೊರಗೆ ಬಂದು, ಕೇಳಿಸಿಕೊಂಡವರಿಗೆಲ್ಲ ಹೆಮ್ಮೆಯಿಂದ ಕೈಮುಗಿದು ಹೋಗುತ್ತಿದ್ದ.

ನಾನು ಊರಿನ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಹುಡುಗಿಯರಿಗೆ ಖೋ ಖೋ ಕಲಿಸುವುದು, ಬೆಳಿಗ್ಗೆ ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಸೀಟಿ ಊದುವುದು ನನ್ನ ಕೆಲಸ. ಆ ವರ್ಷ ನಮ್ಮ ತಂಡ ಚೆನ್ನಾಗಿತ್ತು. ತರೀಕೆರೆಯಲ್ಲಿ ತಾಲ್ಲೂಕು ಮಟ್ಟದ ಆಟ ಇತ್ತು. ಹಿಂದಿನ ದಿನ ನನಗೆ ಚಳಿಜ್ವರ, ವಾಂತಿ. ಕ್ಲಿನಿಕ್ಕಿಗೆ ಓಡಿದೆ.

"ಮಾತ್ರೆ ಕೊಡ್ತೀನಿ, ಮನೇಲಿ ಬಿದ್ಕೋ," ಅಂದರು ಡಾಕ್ಟರಮ್ಮ.

"ಮಾತ್ರೆ ನಿಲ್ತಾ ಇಲ್ಲ ಡಾಕ್ಟ್ರೇ. ಇಂಜೆಕ್ಷನ್ ಹಾಕ್ಬಿಡಿ. ನಾಳೆ ತರೀಕೆರೆಗೆ ಹೋಗ್ಲೇಬೇಕು."

"ನೀನು ಹೋಗ್ದಿದ್ರೆ ತರೀಕೆರೆ ಎದ್ದು ಹೋಗುತ್ತಾ?"

ಬೈಯುತ್ತಲೇ ಸೂಜಿಗೆ ಔಷಧಿ ತುಂಬಿದರು. ಹೊರಗೆ ಜನ ಗಿಜಿಗುಡುತ್ತಿತ್ತು. ಮಂಚದ ಮೇಲೆ ಮಲಗಲು ಜಾಗ ಇಲ್ಲ, ಅಲ್ಲಿ ಒಬ್ಬ ಅಜ್ಜಿಗೆ ಗ್ಲೂಕೋಸು ಹೋಗುತ್ತಿತ್ತು. ಪರದೆಯ ಹಿಂದೆ ನಿಂತುಕೊಂಡೇ ಸೊಂಟಕ್ಕೆ ಚುಚ್ಚಿಸಿಕೊಂಡೆ. ಎಡಗಾಲಿನ ಉದ್ದಕ್ಕೂ, ಹೆಬ್ಬೆರಳಿನ ತುದಿಯವರೆಗೆ, ಕರೆಂಟು ಹೊಡೆದ ಹಾಗಾಯಿತು. "ಅಮ್ಮಾ" ಅಂದೆ. ಡಾಕ್ಟರಮ್ಮ ತಟ್ಟನೆ ಸೂಜಿ ತೆಗೆದರು. "ಏನಾಯ್ತು?" ಅಂದರು. "ಏನಿಲ್ಲ, ಜುಮ್ ಅಂತು," ಅಂದೆ.

ಮನೆಗೆ ನಡೆದು ಬರುವಾಗ ಎಡಗಾಲಿನ ಚಪ್ಪಲಿ ಮತ್ತೆ ಮತ್ತೆ ಕಳಚಿಕೊಳ್ಳುತ್ತಿತ್ತು. ಮನೆಯ ಬಾಗಿಲಿಗೆ ಬಂದು ನೋಡುತ್ತೇನೆ, ಚಪ್ಪಲಿಯೇ ಇಲ್ಲ. ಎಲ್ಲೋ ದಾರಿಯಲ್ಲಿ ಬಿದ್ದಿದೆ, ನನಗೆ ಗೊತ್ತೇ ಆಗಿಲ್ಲ. ಪಕ್ಕದ ಮನೆಯವರು ಅದನ್ನು ಎತ್ತಿಕೊಂಡು ಬಂದು, "ಏನ್ ಟೀಚರೇ, ಒಂದ್ ಕಾಲು ಮುಂದೆ ಬಂದ್ಬಿಡ್ತಾ?" ಅಂತ ನಕ್ಕರು. ನಾನೂ ನಕ್ಕೆ. ಮಾರನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೋದಾಗ ಪಾದ ಮೇಲಕ್ಕೆ ಏಳಲಿಲ್ಲ. ಒದ್ದೆ ಬಟ್ಟೆಯ ಹಾಗೆ ಇಳಿಬಿದ್ದಿತ್ತು. ನಮ್ಮ ಮನೆಯವರು ಸ್ಕೂಟರಿನಲ್ಲಿ ಕೂರಿಸಿಕೊಂಡು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು.

"ಪಾದ ಮೇಲೆತ್ತು," ಅಂದರು ಡಾಕ್ಟರಮ್ಮ.

"ಎತ್ತಿದೀನಲ್ಲ," ಅಂದೆ.

ಅವರು ನನ್ನ ಮುಖ ನೋಡಿದರು, ಪಾದ ನೋಡಿದರು. ಪಿನ್ನಿನಿಂದ ಅಲ್ಲಲ್ಲಿ ಚುಚ್ಚಿದರು. ಆಮೇಲೆ ಕುರ್ಚಿಯ ಮೇಲೆ ಕೂತರು. ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ಕಿವಿಯಾನಿಸಿ ಕಾಯುತ್ತಿದ್ದರು, ಒಳಗಿನಿಂದ ಒಂದು ಬೈಗುಳವೂ ಬರಲಿಲ್ಲ.

"ಇದು ನನ್ನ ಸೂಜಿಯಿಂದ ಆಗಿದ್ದು," ಅಂದರು ಕೊನೆಗೆ. "ನರಕ್ಕೆ ತಗುಲಿದೆ. ನಿಲ್ಲಿಸ್ಕೊಂಡು ಹಾಕ್ಬಾರದಾಗಿತ್ತು. ನೀವು ಕೇಳಿದ್ರಿ ಅಂತ ನಾನು ಹಾಕ್ಬಾರದಾಗಿತ್ತು."

ನನಗೆ ಕಾಲಿನ ಸುದ್ದಿಗಿಂತ ಆ "ನೀವು" ಕೇಳಿ ಎದೆ ಝಲ್ಲೆಂದಿತು. ಹಸುಗೂಸಿನಿಂದ ಹಿಡಿದು ಹಣ್ಣು ಮುದುಕರವರೆಗೆ ಎಲ್ಲರನ್ನೂ ಅವರು ನೀನು ಅನ್ನುತ್ತಿದ್ದರು. ನಾನು ಸಾಯುತ್ತೇನೆ ಅಂದುಕೊಂಡೆ.

ಅವತ್ತೇ ಕ್ಲಿನಿಕ್ಕಿಗೆ ಬೀಗ ಹಾಕಿ, ತಮ್ಮ ಹಳೇ ಕಾರಿನಲ್ಲಿ ನಮ್ಮಿಬ್ಬರನ್ನೂ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಅವರು ಕಾರು ಓಡಿಸುವ ರೀತಿ ಇಂಜೆಕ್ಷನ್ನಿಗಿಂತ ಭಯಂಕರ. ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿರಲಿಲ್ಲ, ಕಿಟಕಿಯಿಂದ ತಲೆ ಹೊರಗೆ ಹಾಕಿ "ಏಯ್!" ಅನ್ನುತ್ತಿದ್ದರು. ಅವತ್ತು ಅದೂ ಇಲ್ಲ. ತರೀಕೆರೆ ದಾಟುವಾಗ ಹೈಸ್ಕೂಲಿನ ಮೈದಾನದಿಂದ ಸೀಟಿಯ ಸದ್ದು ಕೇಳಿಸಿತು. ನಾನು ಕಿಟಕಿಯ ಗಾಜು ಏರಿಸಿಕೊಂಡೆ.

ಶಿವಮೊಗ್ಗದ ನರರೋಗದ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಸೌಜನ್ಯದ ಮನುಷ್ಯ. ಜೊತೆಯ ಡಾಕ್ಟರ ಮಾನ ಉಳಿಸಬೇಕು ಅಂತ ಅವರ ಆಸೆ. "ಇದು ಇಂಥದ್ದರಿಂದಲೇ ಅಂತ ಹೇಳೋಕಾಗಲ್ಲ ಮೇಡಂ. ಬೆನ್ನುಮೂಳೆ ತೊಂದರೆ ಇದ್ದಿರಬಹುದು. ಆಟ ಆಡಿಸೋರಲ್ವಾ?" ಅಂದರು.

"ಬೆನ್ನುಮೂಳೆ ನೆಟ್ಟಗಿದೆ," ಅಂದರು ಡಾಕ್ಟರಮ್ಮ. "ಇಂಜೆಕ್ಷನ್‌ನಿಂದ ಅಂತ ಬರೀರಿ. ಯಾರು ಹಾಕಿದ್ದು ಅಂತಾನೂ ಬರೀರಿ. ವಾಸಿಯಾಗುತ್ತೋ ಇಲ್ವೋ ಅದನ್ನು ಹೇಳಿ."

ಆ ಡಾಕ್ಟರು ಪರೀಕ್ಷೆ ಮಾಡಿ, ನರ ಪೂರ್ತಿ ತುಂಡಾಗಿಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ, ದಿನಾ ವ್ಯಾಯಾಮ ಮಾಡಿಸಬೇಕು, ಪಾದ ಇಳಿಬೀಳದ ಹಾಗೆ ಪ್ಲಾಸ್ಟಿಕ್ಕಿನ ಸ್ಪ್ಲಿಂಟ್ ಹಾಕಬೇಕು ಅಂದರು. ಪೂರ್ತಿ ಬರುತ್ತದೆ ಅಂತ ಮಾತು ಕೊಡಲಿಲ್ಲ.

ಸುದ್ದಿ ತರೀಕೆರೆಯ ನಮ್ಮ ಭಾವನವರಿಗೆ ಮುಟ್ಟಿತು. ಭಾವ ಅಂದರೆ ನಮ್ಮ ಮನೆಯವರ ಅಣ್ಣ, ಜಗಳಕ್ಕೆ ಬಿಳಿ ಶರ್ಟು ಹಾಕಿಕೊಂಡು ಹೋಗುವ ಜಾತಿ. ಅವರಿಗೊಬ್ಬ ವಕೀಲರ ಸ್ನೇಹ ಬೇರೆ. ಬಿಳಿ ಶರ್ಟಿನಲ್ಲೇ ಬಸ್ಸಿಳಿದವರು, "ನೀವ್ಯಾರೂ ಮಾತಾಡ್ಬೇಡಿ. ಆಯಮ್ಮ ಇಲ್ಲ ಅಂತ ಸಾಧಿಸ್ತಾಳೆ, ಎಲ್ಲರೂ ಹಂಗೇ. ಕೋರ್ಟಿಗೆ ಎಳೀತೀನಿ," ಅಂತ ಗುಡುಗಿ ಕ್ಲಿನಿಕ್ಕಿಗೆ ಹೋದರು. ನಮ್ಮತ್ತೆ ಹೆದರಿ ದೇವರ ಮುಂದೆ ದೀಪ ಹಚ್ಚಿದರು.

ಬಹಳ ಹೊತ್ತಾದ ಮೇಲೆ ಭಾವ ವಾಪಸ್ಸು ಬಂದರು. ಕೈಯಲ್ಲಿ ಮಾತ್ರೆಯ ಚೀಟಿ.

"ಏನಾಯ್ತೋ?" ಅಂದರು ಅತ್ತೆ.

"ನಾನು ಬಾಯಿ ತೆಗೆಯೋಕೆ ಮುಂಚೇನೇ 'ತಪ್ಪು ನಂದೇ, ಕೇಸು ಹಾಕೋದಾದ್ರೆ ಹಾಕಿ, ನಾನು ಇಲ್ಲ ಅನ್ನಲ್ಲ' ಅಂದ್ಬಿಟ್ರು ಕಣಮ್ಮ. ನಾನು ಬಸ್ಸಿನಲ್ಲಿ ಬತ್ತಾ ಎಲ್ಲಾ ಕೂಡಿಸ್ಕೊಂಡಿದ್ದೆ, ಏನು ಹೇಳಿದ್ರೆ ಏನು ಹೇಳ್ಬೇಕು ಅಂತ. ಒಂದೂ ಉಪಯೋಗಕ್ಕೆ ಬರ್ಲಿಲ್ಲ. 'ನಿಮ್ಮ ಮುಖ ಯಾಕೆ ಇಷ್ಟು ಕೆಂಪಗಿದೆ, ಕೂತ್ಕೊಳ್ಳಿ' ಅಂತ ಬಿ.ಪಿ. ನೋಡಿದ್ರು. ತುಂಬಾ ಇದೆಯಂತೆ. ಉಪ್ಪಿನಕಾಯಿ ಬಿಡ್ಬೇಕಂತೆ."

"ಬೈದ್ರಾ?" ಅಂದೆ ನಾನು.

"ಇಲ್ಲ ಕಣಮ್ಮ. ಬಾಳ ಮೆತ್ತಗೆ ಹೇಳಿದ್ರು." ಭಾವನ ಮುಖ ಸಪ್ಪಗಾಯಿತು. "ನಂಗೆ ಏನೋ ದೊಡ್ಡದೇ ಇದೆ ಅನ್ಸುತ್ತೆ."

ಕೇಸು ಹಾಕುವುದು ಬಿಡುವುದು ನನಗೇ ಬಿಟ್ಟಿದ್ದು ಅಂತ ನಮ್ಮ ಮನೆಯವರು ಅಂದರು. ನಾನು ಆಮೇಲೆ ನೋಡೋಣ ಅಂದೆ. ಇಷ್ಟು ಹೊತ್ತು ನಗುನಗುತ್ತಾ ಬರೆದೆ, ಆದರೆ ಆಗ ನನ್ನೊಳಗೆ ಬೆಂಕಿ ಇತ್ತು. ನನ್ನ ಅನ್ನ ನನ್ನ ಕಾಲಿನಲ್ಲಿತ್ತು. ಮೈದಾನದಲ್ಲಿ ನಾನು ಓಡಿದರೆ ಹಿಂದೆ ನಲವತ್ತು ಹುಡುಗಿಯರು ಓಡುತ್ತಿದ್ದರು. ಈಗ ಕುರ್ಚಿ ಹಾಕಿಕೊಂಡು ಸೀಟಿ ಊದಬೇಕು. ನಡೆದರೆ ಎಡಪಾದ ನೆಲಕ್ಕೆ ಟಪ್ಪ್ ಅಂತ ಬಡಿಯುತ್ತಿತ್ತು. ಕವಾಯತು ಹೇಳಿಕೊಡಲು "ಲೆಫ್ಟ್ ರೈಟ್" ಅನ್ನುತ್ತಾ ಮುಂದೆ ನಡೆದೆ. ಹೊಸದಾಗಿ ಸೇರಿದ ಎಂಟನೇ ಕ್ಲಾಸಿನವರು ಇದೇ ಪದ್ಧತಿ ಇರಬೇಕು ಅಂದುಕೊಂಡರು, ಇಡೀ ಸಾಲು ಎಡಗಾಲನ್ನು ಟಪ್ಪ್ ಅಂತ ಬಡಿದುಕೊಂಡು ಬಂತು. ಶಾಲೆ ನೋಡಲು ಬಂದಿದ್ದ ಅಧಿಕಾರಿಗಳೊಬ್ಬರು, "ಮಾರ್ಚ್ ಭಾರೀ ಶಿಸ್ತಾಗಿದೆ ಟೀಚರ್, ಎಲ್ಲಿ ಕಲಿತ್ರಿ?" ಅಂತ ಹೊಗಳಿದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಮನೆಗೆ ಬಂದು ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅತ್ತುಬಿಟ್ಟೆ.

ಡಾಕ್ಟರಮ್ಮ ದಿನಾ ಸಂಜೆ ಕ್ಲಿನಿಕ್ ಮುಗಿಸಿ ಬರುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಚಾಪೆಯ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು, ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ವ್ಯಾಯಾಮ ಮಾಡಿಸುತ್ತಿದ್ದರು. ಕಾಲಿಗೆ ಸಣ್ಣಗೆ ಕರೆಂಟು ಕೊಡುವ ಪುಟ್ಟ ಪೆಟ್ಟಿಗೆಯೊಂದನ್ನು ಎಲ್ಲಿಂದಲೋ ತರಿಸಿದ್ದರು. ಅಷ್ಟು ದೊಡ್ಡವರು ಸೊಸೆಯ ಕಾಲು ಹಿಡಿದು ಕೂತಿರುವುದನ್ನು ನಮ್ಮತ್ತೆಗೆ ನೋಡಲಾಗುತ್ತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡು, "ಕಾಪಿ ಕುಡೀರಮ್ಮ, ರೊಟ್ಟಿ ತಿನ್ನಿರಮ್ಮ," ಅನ್ನುತ್ತಿದ್ದರು.

"ಇವತ್ತು ಹೇಗನ್ಸುತ್ತೆ ನಿಮಗೆ?" ಅಂತ ಡಾಕ್ಟರಮ್ಮ ಕೇಳುವರು.

"ಪರವಾಗಿಲ್ಲ ಡಾಕ್ಟ್ರೇ," ಅಂತ ನಾನು ಹೇಳುವೆ.

"ನೋವಾದ್ರೆ ಹೇಳಿ."

"ಆಗ್ಲಿ."

ಇಷ್ಟೇ. ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಅಪರಿಚಿತರ ಹಾಗೆ ಮರ್ಯಾದೆಯಿಂದ ಮಾತಾಡಿಕೊಂಡಿದ್ದೆವು. ಅವರು ಹೋದ ಮೇಲೆ ನಾನು ತಟ್ಟೆ ಲೋಟ ಕುಕ್ಕುತ್ತಿದ್ದೆ.

ಊರಿನಲ್ಲಿ ಮಾತ್ರ ಗಾಬರಿ ಶುರುವಾಗಿತ್ತು. ಡಾಕ್ಟರಮ್ಮ ಇಂಜೆಕ್ಷನ್ ಹಾಕುವುದನ್ನೇ ಬಿಟ್ಟರು. ನೆಗಡಿ ಆದರೂ "ಒಂದ್ಸಲ ತರೀಕೆರೆಗೆ ಹೋಗಿ ತೋರಿಸ್ಕೊಂಡು ಬನ್ನಿ" ಅನ್ನುವರು. ಬೆಳಗಿನ ತರೀಕೆರೆ ಬಸ್ಸು ತುಂಬಾ ಕೆಮ್ಮುವವರೇ. ಕಂಡಕ್ಟರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಟಿಕೇಟು ಹರಿಯತೊಡಗಿದ. ಎಲ್ಲಕ್ಕಿಂತ ಹೆಚ್ಚಾಗಿ ಬೈಗುಳ ನಿಂತೇಹೋಯಿತು.

ಒಂದು ಭಾನುವಾರ ಬಸಣ್ಣ ನಮ್ಮ ಮನೆಗೆ ಬಂದ. ಜೊತೆಯಲ್ಲಿ ಅವನ ಹೆಂಡತಿ, ಇನ್ನೂ ಮೂರ್ನಾಲ್ಕು ಹಳೇ ರೋಗಿಗಳು. ಎಲ್ಲರೂ ಜಗಲಿಯ ಮೇಲೆ ಕೂತರು.

"ಟೀಚರೇ, ನಾನು ಉಳಿಯಲ್ಲ ಅಂತ ಕಾಣ್ಸುತ್ತೆ," ಅಂದ ಬಸಣ್ಣ.

"ಯಾಕಪ್ಪಾ?"

"ಮೊನ್ನೆ ಬೇಕಂತಲೇ ಹೇಳ್ದೆ, ನಾಕು ಹೋಳಿಗೆ ತಿಂದೆ ಅಂತ. ಮೊದ್ಲಾಗಿದ್ರೆ ಬೀದಿಗೆ ಕೇಳ್ಸೋ ಹಂಗೆ ಬೈತಿದ್ರು. ಈಗ 'ಹೇಗನ್ಸುತ್ತೆ ನಿಮಗೆ' ಅಂತಾರೆ. ನಂಗೆ ಹೇಗನ್ಸುತ್ತೆ ಅಂತ ನಂಗೇ ಗೊತ್ತಿದ್ರೆ ಅವರ ಹತ್ರ ಯಾಕ್ ಹೋಗ್ತಿದ್ದೆ?"

"ರಾತ್ರಿಯೆಲ್ಲಾ ನಿದ್ದೆ ಮಾಡಲ್ಲ ಕಣಮ್ಮ," ಅಂದಳು ಅವನ ಹೆಂಡತಿ. "ಹೊಲದ ಖಾತೆ ಮಗನ ಹೆಸ್ರಿಗೆ ಮಾಡ್ಸೋಕೆ ಓಡಾಡ್ತಾ ಇದಾರೆ."

ಬಸಣ್ಣ ಎರಡೂ ಕೈ ಜೋಡಿಸಿದ. "ನಿಮ್ಮ ಕಾಲಿಗೆ ಆಗಿದ್ದು ಅನ್ಯಾಯವೇ, ಇಲ್ಲ ಅನ್ನಲ್ಲ. ಆದ್ರೂ ನೀವು ಒಂದ್ ಮಾತು ಹೇಳಿ. ಮನಸ್ಸಿನಲ್ಲಿ ಏನೂ ಇಟ್ಕೊಂಡಿಲ್ಲ ಅನ್ನಿ. ನಮ್ಮನ್ನ ಬೈಯ್ಯೋ ಹಂಗೆ ಮಾಡಿ."

ನನಗೆ ಸಿಟ್ಟು ಬಂತು. "ಮನಸ್ಸಿನಲ್ಲಿ ಇದೆ ಕಣಪ್ಪಾ. ಇಲ್ಲ ಅಂತ ಹೇಗೆ ಹೇಳ್ಲಿ?" ಅಂದೆ. ಅವರು ಕಾಫಿ ಕುಡಿದು ಪೆಚ್ಚಾಗಿ ಎದ್ದು ಹೋದರು.

ಅದಾದ ಸ್ವಲ್ಪ ದಿನಕ್ಕೆ ಲಿಂಗದಹಳ್ಳಿಯಲ್ಲಿ ನನ್ನ ಚಿಕ್ಕಮ್ಮನ ಮಗಳ ಮದುವೆ. ರೇಷ್ಮೆ ಸೀರೆಯ ಕೆಳಗೆ ಪ್ಲಾಸ್ಟಿಕ್ಕಿನ ಸ್ಪ್ಲಿಂಟು ಇಣುಕುವುದು ನನಗೆ ಬೇಡವಾಗಿತ್ತು. ಅದನ್ನು ಮನೆಯಲ್ಲೇ ಬಿಟ್ಟು, ಎತ್ತರದ ಚಪ್ಪಲಿ ಮೆಟ್ಟಿಕೊಂಡು ಹೋದೆ. ಛತ್ರದ ಮೆಟ್ಟಿಲಿನ ಮೇಲೆ ಪಾದ ಮಡಚಿಕೊಂಡು, ಕೋಸಂಬರಿಯ ಪಾತ್ರೆ ಹಿಡಿದು ಬರುತ್ತಿದ್ದವರ ಮೇಲೆ ಬಿದ್ದೆ. ನೂರಾರು ಜನರ ಮುಂದೆ ತಲೆಯ ತುಂಬಾ ಹೆಸರುಬೇಳೆ. ಕಣಕಾಲು ಊದಿಕೊಂಡಿತು. ಸೋಮವಾರ ಸಂಜೆ ಅದರ ಮೇಲೆ ಸೀರೆ ಎಳೆದುಕೊಂಡು ಕೂತೆ.

ಡಾಕ್ಟರಮ್ಮ ಸೀರೆ ಸರಿಸಿ ನೋಡಿದರು.

"ಏನಿದು?"

"ಏನಿಲ್ಲ ಡಾಕ್ಟ್ರೇ. ಸ್ವಲ್ಪ ಉಳುಕ್ತು."

"ಸ್ಪ್ಲಿಂಟ್ ಹಾಕ್ಕೊಂಡಿದ್ರಾ?"

"ಹಾಕ್ಕೊಂಡಿದ್ದೆ."

ನಮ್ಮತ್ತೆ ಅಡಿಗೆಮನೆಯಿಂದ, "ಸುಳ್ಳು! ಎತ್ತರದ ಚಪ್ಪಲಿ ಹಾಕ್ಕೊಂಡು ಹೋಗಿ ಕೋಸಂಬರಿ ಮೇಲೆ ಬಿದ್ಲು," ಅಂದುಬಿಟ್ಟರು.

ಡಾಕ್ಟರಮ್ಮನ ಕುತ್ತಿಗೆಯ ನರ ಉಬ್ಬಿತು.

"ಎತ್ತರದ ಚಪ್ಪಲಿ? ಕತ್ತೆ! ನಿನಗೆ ಬುದ್ಧಿ ಕಾಲಲ್ಲೂ ಇಲ್ಲ, ತಲೇಲೂ ಇಲ್ಲ! ನಾನು ಇಲ್ಲಿ ದಿನಾ ಬಂದು ಎಳೆ ಎಳೆಯಾಗಿ ಜೀವ ತುಂಬ್ತಾ ಇದ್ರೆ ನೀನು ಮೆರವಣಿಗೆ ಹೋಗ್ತೀಯಾ? ಯಾರು ನೋಡ್ಬೇಕಾಗಿತ್ತು ನಿನ್ನ ಚಪ್ಪಲೀನ? ಮದುಮಗನಾ?"

ನನಗೂ ಎಲ್ಲಿತ್ತೋ ಸಿಟ್ಟು, ಅವರ ಕೈಯಿಂದ ಕಾಲು ಕಿತ್ತುಕೊಂಡು ಕೂಗಿದೆ. "ನನ್ನ ಬೈಯ್ಯೋಕೆ ನಿಮಗೇನು ಹಕ್ಕಿದೆ? ಈ ಕಾಲು ಹಾಳು ಮಾಡಿದ್ದು ಯಾರು? ನೀವು! ನಾನು ಕುರ್ಚಿ ಮೇಲೆ ಕೂತು ಸೀಟಿ ಊದೋ ಹಾಗೆ ಮಾಡಿದ್ದು ನೀವು! ಮಕ್ಕಳೆಲ್ಲ ಕುಂಟೋ ಹಾಗೆ ಆಗಿದ್ದು ನಿಮ್ಮಿಂದ! ದಿನಾ ಬಂದು ಹೇಗನ್ಸುತ್ತೆ ಅಂತ ಕೇಳ್ತೀರಲ್ಲ, ಸಾಯ್ಬೇಕು ಅನ್ಸುತ್ತೆ, ಸಾಕಾ?"

ಒಲೆಯ ಮೇಲೆ ಹಾಲು ಉಕ್ಕಿದ್ದು ಕೇಳಿಸಿತು. ಡಾಕ್ಟರಮ್ಮ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು.

"ಹೌದು," ಅಂದರು. "ನಾನೇ ಹಾಳು ಮಾಡಿದ್ದು. ಇದನ್ನ ಅವತ್ತೇ ಹೇಳೋದಲ್ವಾ? ಇಷ್ಟು ದಿನ 'ಆಗ್ಲಿ ಡಾಕ್ಟ್ರೇ, ಪರವಾಗಿಲ್ಲ ಡಾಕ್ಟ್ರೇ' ಅಂತ ನನ್ನ ಕೊಲ್ತಾ ಇದ್ಯಲ್ಲೇ!" ಅವರ ಕಣ್ಣಲ್ಲಿ ನೀರು, ಗಂಟಲು ಮಾತ್ರ ತಾರಕದಲ್ಲೇ ಇತ್ತು. "ಹಾಳು ಮಾಡಿದೋಳು ನಾನು, ಸರಿ ಮಾಡೋಳೂ ನಾನೇ. ನಡುವೆ ನೀನು ಬಂದು ಕೆಡಿಸಿದ್ರೆ ಸುಮ್ನಿರಲ್ಲ. ಇಡು ಕಾಲು ಇಲ್ಲಿ! ಇಡು!"

ನಾನು ಅಳುತ್ತಾ ಕಾಲು ಇಟ್ಟೆ. ಅವರು ಮೂಗು ಒರೆಸಿಕೊಳ್ಳುತ್ತಾ ಪಟ್ಟಿ ಸುತ್ತಿದರು. ಅತ್ತೆ ಮಾತ್ರ ಉಕ್ಕಿದ ಹಾಲನ್ನು ಹಾಗೇ ಬಿಟ್ಟು ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಗೆ ಓಡಿದರು. "ಬೈದ್ರು ಕಣ್ರೇ! ನಮ್ಮ ಗಿರಿಜಂಗೆ ಬೈದ್ರು! ಕತ್ತೆ ಅಂದ್ರು!" ದೀಪ ಹಚ್ಚುವ ಹೊತ್ತಿಗೆ ಸುದ್ದಿ ಈರುಳ್ಳಿ ಮಂಡಿ ಮುಟ್ಟಿತ್ತು. ಮಾರನೇ ದಿನ ಬಸಣ್ಣ ಕ್ಲಿನಿಕ್ ಬಾಗಿಲು ತೆಗೆಯುವುದಕ್ಕೆ ಮುಂಚೆಯೇ ಹೋಗಿ ಕೂತಿದ್ದನಂತೆ. ಹೊರಗೆ ಬಂದಾಗ ಅವನ ಮುಖ ನೋಡಬೇಕಾಗಿತ್ತು ಅಂತ ಅವನ ಹೆಂಡತಿ ಹೇಳಿದಳು. ಖಾತೆ ಬದಲಾಯಿಸುವ ಮಾತು ಅಲ್ಲಿಗೇ ನಿಂತುಹೋಯಿತು.

ಆಮೇಲೆ ನನ್ನ ಕಾಲಿನ ಮೇಲೆ ಜಗಳ ಆಡುತ್ತಲೇ ತಿಂಗಳುಗಳು ಕಳೆದವು. ಮೊದಲು ಹೆಬ್ಬೆರಳು ಕದಲಿತು. ಆಮೇಲೆ ಪಾದ ಸ್ವಲ್ಪ ಸ್ವಲ್ಪವೇ ಮೇಲೇಳತೊಡಗಿತು. ಟಪ್ಪ್ ಅನ್ನುವ ಸದ್ದು ಸಣ್ಣದಾಯಿತು. ಕೇಸಿನ ವಿಚಾರ ಭಾವ ಒಮ್ಮೆ ಎತ್ತಿದರು. ಬೇಡ ಅಂದೆ. ಅವರೂ ಹೆಚ್ಚು ಒತ್ತಾಯ ಮಾಡಲಿಲ್ಲ, ಬಿ.ಪಿ. ತೋರಿಸಿಕೊಳ್ಳಲು ಅಲ್ಲಿಗೇ ಬರುತ್ತಿದ್ದರಲ್ಲ.

ಆದರೆ ಸೂಜಿಯನ್ನು ಮಾತ್ರ ಡಾಕ್ಟರಮ್ಮ ಮುಟ್ಟಲಿಲ್ಲ. ಬೈದು ಬೈದು ತರೀಕೆರೆಗೆ ಕಳಿಸುತ್ತಿದ್ದರು.

ಒಂದು ದಿನ ಶಾಲೆಯಿಂದ ಬರುವಾಗ ರೈಲ್ವೆ ಗೇಟಿನ ಹತ್ತಿರ ಒಂದು ಕರಿ ನಾಯಿ ನನ್ನನ್ನು ಅಟ್ಟಿಸಿಕೊಂಡು ಬಂತು. ಮೀನಖಂಡಕ್ಕೆ ಬಾಯಿ ಹಾಕಿತು. ಗಾಯವನ್ನು ಸೋಪು ಹಾಕಿ ತೊಳೆದುಕೊಂಡು ಕ್ಲಿನಿಕ್ಕಿಗೆ ಹೋದೆ.

"ನಾಯಿ ಬಂದಾಗ ನೀನೇನು ಮಾಡ್ದೆ?" ಅಂದರು ಡಾಕ್ಟರಮ್ಮ.

"ಓಡಿದೆ."

ಗಾಯ ನೋಡುತ್ತಿದ್ದವರು ತಲೆ ಎತ್ತಿದರು. "ಓಡಿದ್ಯಾ?"

ಆಗಲೇ ನನಗೂ ಹೊಳೆದದ್ದು. "ಓಡಿದೆ ಡಾಕ್ಟ್ರೇ! ಗೇಟಿನಿಂದ ಮಿಲ್ಲಿನವರೆಗೂ ಓಡಿದೆ!"

"ನಾಯಿಗಿಂತ ಜೋರಾಗಿ?"

"ಜೋರಾಗಿ ಓಡಿದ್ರೆ ಕಚ್ತಿತ್ತಾ?"

ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಗು ನಿಂತ ಮೇಲೆ, "ಇದಕ್ಕೆ ಇಂಜೆಕ್ಷನ್ ಆಗ್ಲೇಬೇಕು. ಔಷಧಿ ಇದೆ, ಆದ್ರೆ ನೀನು ತರೀಕೆರೆ ಆಸ್ಪತ್ರೆಗೆ ಹೋಗು. ಈಗ್ಲೇ," ಅಂದರು.

ನಾನು ಕುರ್ಚಿಯ ಮೇಲೆ ಕೂತು ರವಿಕೆಯ ತೋಳು ಮೇಲೆ ಮಾಡಿದೆ. "ನೀವೇ ಹಾಕಿ."

"ನನ್ನ ಕೈ ನಡುಗುತ್ತೆ ಕಣೇ."

"ನಡುಗ್ಲಿ. ನಾನು ಅಲ್ಲಾಡಲ್ಲ."

ಅವರು ನನ್ನನ್ನು ನೋಡುತ್ತಾ ನಿಂತರು. ಆಮೇಲೆ ಕೈ ತೊಳೆದುಕೊಂಡರು. ಒರೆಸಿಕೊಂಡು, ಮತ್ತೆ ತೊಳೆದುಕೊಂಡರು. ತೋಳನ್ನು ಹಿಡಿದ ಅವರ ಬೆರಳುಗಳು ತಣ್ಣಗಿದ್ದವು. ಚುಚ್ಚಿದ್ದು ಇರುವೆ ಕಚ್ಚಿದಷ್ಟೂ ನೋಯಲಿಲ್ಲ.

"ಬೆರಳು ಆಡಿಸು. ಮುಷ್ಟಿ ಕಟ್ಟು. ಕೈ ಎತ್ತು," ಅಂದರು. ಎಲ್ಲ ಮಾಡಿದೆ. "ಇನ್ನೊಂದ್ಸಲ," ಅಂದರು. ಇನ್ನೊಂದು ಸಲವೂ ಮಾಡಿದೆ. ಆಮೇಲೆ ಪರದೆ ಸರಿಸಿ ಹೊರಗೆ ಕೂತವರ ಕಡೆಗೆ ತಿರುಗಿ, "ಏನು ಬಾಯಿ ಬಿಟ್ಕೊಂಡು ನೋಡ್ತಾ ಇದೀರಾ? ಮುಂದಿನೋರು ಬನ್ನಿ!" ಅಂತ ಅಬ್ಬರಿಸಿದರು.

ಅಜ್ಜಂಪುರ ತಾಲ್ಲೂಕು ಆಗುವ ಹೊತ್ತಿಗೆ ಅವರಿಗೆ ಮಂಡಿನೋವು. ಕ್ಲಿನಿಕ್ ಮುಚ್ಚಿ ಕಡೂರಿನ ತಮ್ಮನ ಮನೆಗೆ ಹೋದರು. ಆಗೊಮ್ಮೆ ಈಗೊಮ್ಮೆ, ಮನೆಯವರೆಲ್ಲ ಹೊರಗೆ ಹೋದಾಗ, ಫೋನು ಮಾಡಿ ನನ್ನ ಕಾಲನ್ನು ವಿಚಾರಿಸಿ, ಬೈದು ಇಡುತ್ತಿದ್ದರು.

ಸುದ್ದಿ ಬಂದ ದಿನ ಅಜ್ಜಂಪುರದಿಂದ ಒಂದು ಬಸ್ಸು ಮಾಡಿಕೊಂಡು ಹೋದೆವು. ಮಣ್ಣು ಮುಗಿಸಿ ಬಂದು ಮನೆಯ ಮುಂದಿನ ಶಾಮಿಯಾನದ ಕೆಳಗೆ ಕೂತಾಗ ಯಾರೋ, "ನನ್ನನ್ನ ಒಂದ್ಸಲ ಎಮ್ಮೆ ಅಂದಿದ್ರು," ಅಂದರು. "ಎಮ್ಮೆ ಏನ್ ಮಹಾ, ನನ್ನ ಹೊಟ್ಟೇನ ಮುನಿಸಿಪಾಲಿಟಿ ತೊಟ್ಟಿ ಅಂದಿದ್ರು," ಅಂದ ಬಸಣ್ಣ. ಒಬ್ಬೊಬ್ಬರದೂ ಹೊರಗೆ ಬಂತು. ಸಾವಿನ ಮನೆ ಅನ್ನುವುದನ್ನೂ ಮರೆತು ನಗತೊಡಗಿದೆವು.

ಅವರ ತಮ್ಮ ನಮ್ಮ ಹತ್ತಿರ ಬಂದು ನಿಂತರು. ಬಿಳಿ ಪಂಚೆಯ, ಮೆತ್ತಗಿನ ಮನುಷ್ಯ. ಕೋಪ ಮಾಡಿಕೊಂಡರೇನೋ ಅಂತ ಎಲ್ಲರೂ ಸುಮ್ಮನಾದೆವು.

"ಯಾರ ವಿಷಯ ಮಾತಾಡ್ತಾ ಇದೀರಿ?" ಅಂದರು.

"ಡಾಕ್ಟರಮ್ಮನದೇ ಸ್ವಾಮಿ," ಅಂದೆ.

"ನಮ್ಮಕ್ಕ ಬೈತಿದ್ಲಾ?" ಅವರು ಒಬ್ಬೊಬ್ಬರ ಮುಖವನ್ನೂ ನೋಡಿದರು. "ನಮ್ಮನೇಲಿ ಒಂದು ದಿನ ದನಿ ಎತ್ತಿದವಳಲ್ಲ. ಸಾರಿಗೆ ಉಪ್ಪು ಮರೆತ್ರೂ ಸುಮ್ನೆ ಉಂಡು ಏಳ್ತಿದ್ಲು. ನನ್ನ ಹೆಂಡ್ತೀನೂ ಬಹುವಚನದಲ್ಲೇ ಮಾತಾಡಿಸ್ತಿದ್ಲು."

ಅವರು ಒಂದು ಕುರ್ಚಿ ಎಳೆದುಕೊಂಡು ನಮ್ಮ ನಡುವೆ ಕೂತರು. ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.

"ಹೇಗೆ ಬೈತಿದ್ಲು? ಸ್ವಲ್ಪ ಹೇಳ್ರೀ," ಅಂದರು. "ಎಲ್ಲಾ ಹೇಳಿ. ನಾನು ಕೇಳೇ ಇಲ್ಲ."

ಬಸಣ್ಣ ಗಂಟಲು ಸರಿಮಾಡಿಕೊಂಡು ಎದ್ದು ನಿಂತ. ಅವನಾದ ಮೇಲೆ ನಾನು ಎದ್ದೆ. ಬಸ್ಸಿನ ಡ್ರೈವರು ಬೀದಿಯ ಕೊನೆಯಲ್ಲಿ ಹಾರ್ನ್ ಹೊಡೆದು ಹೊಡೆದು ಸಾಕಾಗಿ, ಇಂಜಿನ್ ಆರಿಸಿ, ತಾನೂ ಬಂದು ಶಾಮಿಯಾನದ ಕೆಳಗೆ ಕೂತ.